ಸಂಗೀತ ರಚನೆಯ ಡಿಗ್ರಿಯಲ್ಲಿ ಎಂತ ಕಲಿಸುತ್ತಾರೆ?

ಕಲ್ಯಾಣಪುರದ ಹುಡುಗ:
ನಾನು ಸೆಕೆಂಡ್ ಪಿಯುಸಿ. ಇಗರ್ಜಿಯ ಕ್ವಾಯರ್‌ನಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಯಲ್ಲಿ 5ನೇ ಗ್ರೇಡ್ ಆಗಿದೆ. ಸ್ವರಲಿಪಿ ಬರೆಯುವ ಮ್ಯೂಸ್‌ಸ್ಕೋರ್ ಸಾಫ್ಟ್‌ವೇರಿನಲ್ಲಿ ನಾಲ್ಕೈದು ಹಾಡು ಬರೆದಿದ್ದೇನೆ. ಸಂಗೀತ ರಚನೆಯಲ್ಲೇ ಡಿಗ್ರಿ ಮಾಡುವ ಆಸೆ. "ಟ್ಯೂನ್ ಹೊಳೆಯುವುದನ್ನು ಕಾಲೇಜಿನಲ್ಲಿ ಕಲಿಸಲಿಕ್ಕೆ ಆಗುತ್ತದಾ?" ಅಂತ ಅಪ್ಪ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ.

ಕಂಕನಾಡಿ ಅಕ್ಕ:
ತಮ್ಮಾ, ನಾನು ಅದನ್ನೇ ಓದಿದವಳು. ಹೊಳೆಯುವುದನ್ನು ಯಾರೂ ಕಲಿಸುವುದಿಲ್ಲ. ಹೊಳೆದದ್ದನ್ನು ಬೇರೆಯವರ ಕೈಗೆ, ಉಸಿರಿಗೆ ಒಗ್ಗುವ ಹಾಗೆ ಬರೆಯಲು ಕಲಿಸುತ್ತಾರೆ.

ಮೊದಲ ವರ್ಷ ಜಾಸ್ತಿ ಹೋದದ್ದು ಜರ್ಮನಿಯ ಸಂಗೀತ ರಚನಕಾರ ಬಾಖ್‌ನ ಕೋರಾಲ್‌ಗಳ (ಇಗರ್ಜಿ ಕೀರ್ತನೆಗಳ) ಹಾಗೆ ನಾಲ್ಕು ದನಿಗೆ ಬರೆಯುವುದರಲ್ಲಿ. ಎರಡು ದನಿ ಸ-ಪದ ಹಾಗೆ ಐದನೇ ಸ್ವರದ ಅಂತರದಲ್ಲೇ ಒಟ್ಟಿಗೆ ಸರಿದರೆ ಕೆಂಪು ಗೆರೆ. ಯಾಕೆಂದರೆ ಆ ಎರಡೂ ಒಂದೇ ದನಿಯ ಹಾಗೆ ಕೇಳುತ್ತವೆ.

ಮುಂದಿನ ವರ್ಷ ಫ್ಲೂಟ್‌ಗೆ ಬರೆದೆ. ಲ್ಯಾಪ್‌ಟಾಪಿನಲ್ಲಿ ಬಹಳ ಚಂದ ಕೇಳುತ್ತಿತ್ತು. ನುಡಿಸಲು ಬಂದ ಹುಡುಗಿ 9ನೇ ಬಾರ್‌ಗೆ (ಗೆರೆ ಹಾಕಿ ಬೇರ್ಪಡಿಸಿದ ತಾಳದ ಒಂದು ತುಂಡು) ನಿಲ್ಲಿಸಿದಳು. ಪೆನ್ಸಿಲ್ ನನ್ನ ಕೈಗೆ ಕೊಟ್ಟು, "ಎಲ್ಲಿ ಉಸಿರು ತೆಗೆಯಲಿ, ಗುರುತು ಹಾಕು" ಅಂದಳು. 12 ಬಾರ್‌ನಲ್ಲಿ ಎಲ್ಲೂ ಜಾಗ ಇರಲಿಲ್ಲ. ಕಂಪ್ಯೂಟರಿಗೆ ಉಸಿರು ಬೇಡ, ಅಲ್ವಾ? ಹಾಗೆಯೇ ಕೆಲವು ವಾದ್ಯದಲ್ಲಿ ಬರೆದ ಸ್ವರ ಬೇರೆ, ಕೇಳುವ ಸ್ವರ ಬೇರೆ: ಬಿ ಫ್ಲ್ಯಾಟ್ ಕ್ಲಾರಿನೆಟ್‌ಗೆ ನೀನು ಸಿ ಬರೆದರೆ ಕೇಳುವುದು ಬಿ ಫ್ಲ್ಯಾಟ್.

ಸುಮ್ನೆ ಕಾಯಬೇಡ. ನಿನ್ನ ಕ್ವಾಯರ್‌ಗೇ 16 ಬಾರ್ ಬರೆ. ಆಲ್ಟೊ, ಅಂದರೆ ಹೆಂಗಸರ ಕೆಳಗಿನ ದನಿ, ಹಾಡುವವರು ಎಲ್ಲಿ ತಡವರಿಸುತ್ತಾರೆ ನೋಡು. ಪ್ರವೇಶಕ್ಕೆ ಸಾಮಾನ್ಯವಾಗಿ ಸ್ಕೋರ್ (ಬರೆದ ಸ್ವರಲಿಪಿ), ರೆಕಾರ್ಡಿಂಗ್ ಎರಡೂ ಕೇಳುತ್ತಾರೆ. ಫೋನಿನಲ್ಲಿ ಹಿಡಿದ ಮನುಷ್ಯರ ದನಿಯೇ ಕಳಿಸು. ಎ.ಆರ್. ರೆಹಮಾನ್ 2008ರಲ್ಲಿ ಚೆನ್ನೈಯಲ್ಲಿ ಶುರು ಮಾಡಿದ ಕೆಎಂ ಮ್ಯೂಸಿಕ್ ಕನ್ಸರ್ವೇಟರಿಯಲ್ಲೂ ವಿಚಾರಿಸು. ನಮಗೆ ಒಂದು ರಾತ್ರಿಯ ರೈಲು ಅಷ್ಟೇ.

ಚೆಂಡೆ ಕಲಿಯುವವ, ಉಡುಪಿ:
ಯಕ್ಷಗಾನದ ಒಂದು ಪದ್ಯ ಕೇಳಿ ಐದು ಗೆರೆಯ ಸ್ಟಾಫ್ ನೊಟೇಶನ್‌ನಲ್ಲಿ ಬರೆದು ನೋಡಿ. ನಾನು ಮಾಡಿದ್ದೇನೆ. ತ್ರಿವುಡೆ ತಾಳದ 7 ಅಕ್ಷರ ಬಾರ್‌ನೊಳಗೆ ಸರಿಯಾಗಿ ಕೂತಿತು. ಭಾಗವತರು ಸ್ವರದಿಂದ ಸ್ವರಕ್ಕೆ ಜಾರುವುದು ಮಾತ್ರ ಕೂರಲೇ ಇಲ್ಲ. ಮೂರು ಸಂಜೆ ಒಂದೇ ಸಾಲು ಕೇಳಿದೆ. ಕಿವಿ ಅಷ್ಟು ಚುರುಕಾದದ್ದು ಬೇರೆ ಯಾವುದರಿಂದಲೂ ಅಲ್ಲ.

ಕಲ್ಯಾಣಪುರದ ಹುಡುಗ:
ಅಕ್ಕಾ, ಈಗ ನನ್ನ ಹಾಡು ತೆರೆದು ನೋಡಿದೆ. ಆಲ್ಟೊಗೆ 10 ಬಾರ್ ಉಸಿರೇ ಇಲ್ಲ. ಆಲ್ಟೊದಲ್ಲಿ ಅಮ್ಮನೂ ಇದ್ದಾರೆ! ಮತ್ತೆ ಬರೆಯುತ್ತೇನೆ. ನಮ್ಮಲ್ಲಿ ಬಾಸ್‌ಗೆ, ಅಂದರೆ ಗಂಡಸರ ಅತಿ ಕೆಳಗಿನ ದನಿಗೆ, ಒಬ್ಬರೇ ಇರುವುದು. ಪರವಾಗಿಲ್ಲವಾ?

ಕಂಕನಾಡಿ ಅಕ್ಕ:
ಧಾರಾಳ ಸಾಕು. ಅವರು ಎಷ್ಟು ಕೆಳಗೆ ಇಳಿಯುತ್ತಾರೆ ಅಂತ ಮೊದಲು ಹಾಡಿಸಿ ನೋಡು.