ಈರುಳ್ಳಿ ಮುಂದೆ ಸೋತ ಕುದುರೆ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ದಿನದಿಂದ 'ಶುಭೋದಯ' ಬಿಟ್ಟರೆ ಬೇರೆ ಸದ್ದಿರಲಿಲ್ಲ. ಭಾನುವಾರ ರಾತ್ರಿ ಊಟ ಮುಗಿಯೋ ಹೊತ್ತಿಗೆ ದೊಡ್ಡ ಮಾವ ಒಂದು ವಿಡಿಯೊ ಹಾಕಿದರು. ಬಣ್ಣ ಮಾಸಿದ ಹಳೇ ರೇಸು, ಮೂರು ನಿಮಿಷವೂ ಇಲ್ಲ. ಆಮೇಲೆ ನಡೆದದ್ದನ್ನು, ಸ್ಟಿಕ್ಕರ್‌ಗಳನ್ನೂ ಬೆಂಕಿ ಎಮೋಜಿಗಳನ್ನೂ ಕಿತ್ತುಹಾಕಿ, ಇಲ್ಲಿ ಇಳಿಸಿದ್ದೇನೆ.

ದೊಡ್ಡ ಮಾವ: 1973, ಜೂನ್ 9. ಅಮೆರಿಕದ ಬೆಲ್ಮಾಂಟ್ ಸ್ಟೇಕ್ಸ್ ರೇಸು. ಸೆಕ್ರೆಟೇರಿಯಟ್. ಇದಕ್ಕಿಂತ ದೊಡ್ಡ ರೇಸ್ ಕುದುರೆ ಹುಟ್ಟಿಲ್ಲ, ಹುಟ್ಟೋದೂ ಇಲ್ಲ. ಪೂರ್ತಿ ನೋಡಿ, ಆಮೇಲೆ ಮಾತಾಡಿ.

ಅಕ್ಕ: ಮಾವ, ಮಿಕ್ಕ ಕುದುರೆಗಳೆಲ್ಲಿ? ವಿಡಿಯೊ ಕಟ್ ಆಗಿದೆಯಾ?

ದೊಡ್ಡ ಮಾವ: ಕಟ್ ಆಗಿಲ್ಲಮ್ಮ. ಹಿಂದೆ ಬರ್ತಿವೆ. 31 ಲೆಂತ್ ಹಿಂದೆ.

ಅತ್ತೆ: ಲೆಂತ್ ಅಂದ್ರೆ ಎಷ್ಟು?

ಭಾವ: ಒಂದು ಕುದುರೆಯ ಉದ್ದ ಅತ್ತೆ. ಸುಮಾರು ಎಂಟಡಿ. ಮೂವತ್ತೊಂದಂದ್ರೆ ಹತ್ತತ್ರ 75 ಮೀಟರ್.

ಚಿಕ್ಕ ಮಾವ: ಅಣ್ಣ, ಒಟ್ಟು ಎಷ್ಟು ಕುದುರೆ ಓಡಿದ್ವು ಅಂತಾನೂ ಹೇಳಿಬಿಡು.

ದೊಡ್ಡ ಮಾವ: ಐದು.

ಚಿಕ್ಕ ಮಾವ: ಐದೇ ಐದು! ಸರಿ. ಅದೇ ವರ್ಷ ಆಗಸ್ಟ್ 4, ಎರಡು ತಿಂಗಳೂ ತುಂಬಿಲ್ಲ. ಸಾರಟೋಗದಲ್ಲಿ ವಿಟ್ನಿ ರೇಸು. ನಿನ್ನ ಮಹಾಕುದುರೆ ಸೋತಿತು. ಯಾರ ಕೈಲಿ?

ದೊಡ್ಡ ಮಾವ: ಜ್ವರ ಇತ್ತು ಅದಕ್ಕೆ.

ಚಿಕ್ಕ ಮಾವ: ಹೆಸರು ಕೇಳ್ದೆ.

ದೊಡ್ಡ ಮಾವ: ಆನಿಯನ್.

ಅತ್ತೆ: ಈರುಳ್ಳಿನಾ?

ಇಲ್ಲಿ ಹನ್ನೊಂದು ಸ್ಟಿಕ್ಕರ್ ಬಂದವು. ಗುಂಪಿನಲ್ಲಿ ಯಾವತ್ತೂ ತುಟಿ ಬಿಚ್ಚದವರೂ ಒಂದೊಂದು ಹಾಕಿದರು.

ಚಿಕ್ಕ ಮಾವ: ಸೆಪ್ಟೆಂಬರಲ್ಲಿ ಇನ್ನೊಂದು ಸೋಲು, ವುಡ್‌ವರ್ಡ್‌ನಲ್ಲಿ, ಪ್ರೂವ್ ಔಟ್ ಮುಂದೆ. ಎರಡು ಕುದುರೆಗೂ ಟ್ರೈನರ್ ಒಬ್ಬನೇ, ಆಲನ್ ಜರ್ಕನ್ಸ್. 21 ರೇಸಲ್ಲಿ 16 ಗೆಲುವು, ಅಷ್ಟೇ ನಿಮ್ಮ ಲೆಕ್ಕ. ಈಗ ನಂದು ಕೇಳಿ. ಫ್ರಾಂಕೆಲ್. 14 ರೇಸ್, 14 ಗೆಲುವು. ಜ್ವರ, ನೆಗಡಿ ಅಂತ ಒಂದು ನೆವ ಹೇಳೋ ಪ್ರಸಂಗವೇ ಬರಲಿಲ್ಲ.

ದೊಡ್ಡ ಮಾವ: ಇಂಗ್ಲೆಂಡ್ ಬಿಟ್ಟು ಆಚೆ ಕಾಲಿಟ್ಟಿದ್ದು ತೋರಿಸು.

ಚಿಕ್ಕ ಮಾವ: ಕಾಲಿಡೋದ್ಯಾಕೆ? ಯುರೋಪಿನ ಒಳ್ಳೊಳ್ಳೆ ಕುದುರೆಗಳೇ ಅಲ್ಲಿಗೆ ಬರ್ತಿದ್ವಲ್ಲ.

ದೊಡ್ಡ ಮಾವ: 12 ಫರ್ಲಾಂಗ್, ಅಂದ್ರೆ ಒಂದೂವರೆ ಮೈಲಿ, ಓಡಿದ್ದು ತೋರಿಸು. ಹತ್ತೂ ಚಿಲ್ಲರೆಗೆ ನಿಂತುಹೋಯ್ತು. ಮಣ್ಣಿನ ಟ್ರ್ಯಾಕ್ ನೋಡೇ ಇಲ್ಲ. ನಮ್ಮದು ಮಣ್ಣಲ್ಲಿ ಗೆದ್ದಿದ್ದಲ್ಲದೆ ಕಡೇ ರೇಸು ಕೆನಡಾದಲ್ಲಿ ಹುಲ್ಲಿನ ಮೇಲೆ ಓಡಿ ಆರೂವರೆ ಲೆಂತಲ್ಲಿ ಗೆದ್ದು ಮನೆಗೆ ಹೋಯ್ತು. ನಿನ್ನ ಫ್ರಾಂಕೆಲ್ ಎಕ್ಸೆಲೆಬ್ರೇಷನ್ ಅನ್ನೋ ಒಂದೇ ಕುದುರೇನ ಐದು ಸಲ ಸೋಲಿಸ್ತು. ಹೊಡೆದ ಹಾವನ್ನೇ ಹೊಡೆಯೋದು.

ಚಿಕ್ಕ ಮಾವ: ಆ ಹಾವು ಎಂಥದ್ದು ಗೊತ್ತಾ? 2012 ಅಕ್ಟೋಬರ್ 20, ಆಸ್ಕಾಟ್. ಫ್ರಾಂಕೆಲ್ ಅವತ್ತು ಬೇರೆ ರೇಸಿಗೆ ಹೋಯ್ತು. ಅದೇ ದಿನ ಎಕ್ಸೆಲೆಬ್ರೇಷನ್ ಕ್ವೀನ್ ಎಲಿಜಬೆತ್ ಸ್ಟೇಕ್ಸ್ ಗೆದ್ದುಕೊಂಡು ಬಂತು. ಫ್ರಾಂಕೆಲ್ ಜತೆ ಹುಟ್ಟದೇ ಇದ್ದಿದ್ರೆ ಅದೇ ಆ ಕಾಲದ ರಾಜ.

ಈ ಮಾತು ನನಗೆ ಹಿಡಿಸಿತು. ಸೋತವನ ಗುಣದಿಂದ ಗೆದ್ದವನ ಅಳತೆ. ಆದರೆ ಚಿಕ್ಕ ಮಾವ ಗೆಲ್ಲುವ ಜಾಗದಲ್ಲಿ ನಿಲ್ಲುವವರಲ್ಲ.

ಚಿಕ್ಕ ಮಾವ: ಟೈಮ್‌ಫಾರ್ಮ್ ಅನ್ನೋ ಸಂಸ್ಥೆ ಕುದುರೆಗಳಿಗೆ ಕೊಡೋ ರೇಟಿಂಗಲ್ಲಿ ಫ್ರಾಂಕೆಲ್‌ಗೆ 147. ಫ್ಲಾಟ್ ರೇಸಿನ ಇತಿಹಾಸದಲ್ಲೇ ಎತ್ತರ. 1965ರ ಸೀ ಬರ್ಡ್‌ಗೂ 145 ಅಷ್ಟೇ. ಕೇಸ್ ಕ್ಲೋಸ್.

ಭಾವ: ಮಾವ, ತಪ್ಪು ತಿಳಿಯಬೇಡಿ. ರೇಟಿಂಗ್ ಅಂದ್ರೆ ಒಬ್ಬರು ಕೂತು ಕೊಟ್ಟ ಅಂಕ. ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಫ್ರಾಂಕೆಲ್‌ಗೆ 140 ಬಂತು. ಆದ್ರೆ 1986ರ ಡ್ಯಾನ್ಸಿಂಗ್ ಬ್ರೇವ್‌ಗೆ ಆಗಲೇ 141 ಇತ್ತು. ಏನು ಮಾಡಿದ್ರು? ಹಳೇ ಅಂಕಗಳನ್ನೇ ಮತ್ತೆ ತೂಗಿ ಅದನ್ನ 138ಕ್ಕೆ ಇಳಿಸಿದ್ರು. ಆಮೇಲೆ ಫ್ರಾಂಕೆಲ್ ಮೊದಲನೇ ಸ್ಥಾನ.

ಅತ್ತೆ: ಓಡಿ ಇಪ್ಪತ್ತಾರು ವರ್ಷ ಆದ್ಮೇಲೆ ಮಾರ್ಕ್ಸ್ ಕಡಿಮೆ ಮಾಡಿದ್ರಾ?

ದೊಡ್ಡ ಮಾವ: ನೋಡು ನೋಡು.

ಚಿಕ್ಕ ಮಾವ: ಅದಕ್ಕೆ ಕಾರಣ ಇತ್ತು ಅತ್ತಿಗೆ. ಆಗಿನ ಅಂಕಗಳು ಉಬ್ಬಿಕೊಂಡಿದ್ವು. ಒಂದೇ ಅಳತೆಗೋಲಿಗೆ ತಂದ್ರು ಅಷ್ಟೆ.

ಭಾವ: ಕಾರಣ ಇರಬಹುದು ಮಾವ. ಆದ್ರೆ ಅಳತೆಗೋಲೇ ಉದ್ದ ಗಿಡ್ಡ ಆಗುತ್ತೆ ಅಂದ್ಮೇಲೆ 147ನ ತಾಮ್ರಪಟ ಅಂತ ಹಿಡ್ಕೊಳ್ಳಕ್ಕಾಗಲ್ಲ. ನನ್ನ ಕೇಳಿದ್ರೆ ಮ್ಯಾನ್ ಓ ವಾರ್. 1919-20. 21ರಲ್ಲಿ 20 ಗೆಲುವು. 1999ರಲ್ಲಿ ಬ್ಲಡ್‌ಹಾರ್ಸ್ ಪತ್ರಿಕೆ ಅಮೆರಿಕದ ಶತಮಾನದ ನೂರು ಕುದುರೆಗಳ ಪಟ್ಟಿ ಮಾಡಿಸ್ತು. ಅದರಲ್ಲಿ ಇದು ಒಂದು, ಸೆಕ್ರೆಟೇರಿಯಟ್ ಎರಡು.

ಚಿಕ್ಕ ಮಾವ: ಈಗ ತಾನೇ ಅಂಕ ಕೊಡೋರನ್ನ ಬೈದ್ರಿ, ಈಗ ನೀವೇ ಪಟ್ಟಿ ತಂದ್ರಿ ಅಳಿಯಂದಿರೇ!

ಭಾವ: ಪಟ್ಟಿ ಬಿಡಿ, ತೂಕ ನೋಡಿ. ಸೋತ ಒಂದೇ ರೇಸು ಸಾರಟೋಗದ್ದೇ, 1919ರ ಸ್ಯಾನ್‌ಫರ್ಡ್. ಆಗ ಎರಡು ವರ್ಷದ ಮರಿ, ಬೆನ್ನ ಮೇಲೆ 130 ಪೌಂಡ್. ಗೆದ್ದ ಅಪ್‌ಸೆಟ್ ಮೇಲೆ 115. ಹದಿನೈದು ಪೌಂಡ್ ಜಾಸ್ತಿ ಹೊತ್ತು, ಸ್ಟಾರ್ಟೇ ಕೆಟ್ಟು, ಮಧ್ಯೆ ಸಿಕ್ಕಿಹಾಕ್ಕೊಂಡೂ ಸೋತಿದ್ದು ಅರ್ಧ ಲೆಂತಿಗೆ.

ಅತ್ತೆ: ಜಾಕಿ ದಪ್ಪ ಇದ್ನಾ?

ಭಾವ: ಅಲ್ಲ ಅತ್ತೆ. ಹ್ಯಾಂಡಿಕ್ಯಾಪ್ ಅಂತ. ಚೆನ್ನಾಗಿ ಓಡೋ ಕುದುರೆಗೆ ಜಾಸ್ತಿ ತೂಕ ಹೊರಿಸ್ತಾರೆ. ಜಾಕಿ, ಜೀನು ಸೇರಿಸಿ ತೂಗಿ, ಕಡಿಮೆ ಬಿದ್ದಷ್ಟಕ್ಕೆ ಜೀನಿನ ಜೇಬಿಗೆ ಸೀಸದ ಪಟ್ಟಿ ತುಂಬಿಸ್ತಾರೆ.

ಅತ್ತೆ: ಚೆನ್ನಾಗಿ ಕೆಲಸ ಮಾಡೋರ ತಲೆ ಮೇಲೇ ಎಲ್ಲಾ ಹೇರೋದು. ಗೊತ್ತು ಈ ಪದ್ಧತಿ.

ದೊಡ್ಡ ಮಾವ ಇದಕ್ಕೆ ಉತ್ತರ ಕೊಡಲಿಲ್ಲ. 'ಟೈಪಿಂಗ್' ಅಂತ ಬಂತು, ಹೋಯಿತು.

ತೂಕದ ಮಾತು ಬಂದಮೇಲೆ ನಾನೂ ಬಾಯಿ ಹಾಕಿದೆ. ಫಾರ್ ಲ್ಯಾಪ್ ಹೆಸರು ಹೇಳದೆ ತೂಕದ ಚರ್ಚೆ ಮುಗಿಯಬಾರದು ಅಂತ ನನ್ನ ಹಟ.

ನಾನು: ಫಾರ್ ಲ್ಯಾಪ್ ನ್ಯೂಜಿಲೆಂಡ್‌ನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಓಡಿದ ಕುದುರೆ. 160 ಗಿನಿಗೆ ತಂದದ್ದು. 1930ರ ನವೆಂಬರ್ 1, ಶನಿವಾರ ಬೆಳಿಗ್ಗೆ ಯಾರೋ ಕಾರಲ್ಲಿ ಬಂದು ಅದಕ್ಕೆ ಗುಂಡು ಹಾರಿಸಿದ್ರು, ತಪ್ಪಿತು. ಅವತ್ತೇ ಮಧ್ಯಾಹ್ನ ಓಡಿ ಗೆದ್ದಿತು. ಮಂಗಳವಾರ 62.5 ಕೆ.ಜಿ. ಹೊತ್ತು ಮೆಲ್ಬರ್ನ್ ಕಪ್, ಎರಡು ಮೈಲಿ, ಗೆಲುವು. ಗುರುವಾರ ಇನ್ನೊಂದು. ಶನಿವಾರ ಮತ್ತೊಂದು. ಎಂಟು ದಿನದಲ್ಲಿ ನಾಲ್ಕು. ಫ್ರಾಂಕೆಲ್ ಮೂರು ವರ್ಷದಲ್ಲಿ ಹದಿನಾಲ್ಕು.

ಚಿಕ್ಕ ಮಾವ: ಮರುವರ್ಷದ ಕಪ್ಪಲ್ಲಿ?

ನಾನು: 68 ಕೆ.ಜಿ. ಹೊರಿಸಿದ್ರು. ಎಂಟನೇದು.

ಚಿಕ್ಕ ಮಾವ: 😌

ಅಕ್ಕ: ಎಲ್ಲರೂ ಗಂಡು ಕುದುರೆ ಹೆಸರೇ ಹೇಳ್ತಾ ಇದ್ದೀರಿ, ಗಮನಿಸ್ತಾ ಇದ್ದೀನಿ. 54ಕ್ಕೆ 54 ಗೆದ್ದ ಕುದುರೆ ಯಾವುದು ಹೇಳಿ? ಕಿಂಚೆಮ್. ಹಂಗೆರಿಯ ಹೆಣ್ಣು ಕುದುರೆ, 1876ರಿಂದ 79. ಬುಡಾಪೆಸ್ಟ್, ವಿಯೆನ್ನಾ, ಬಾಡೆನ್-ಬಾಡೆನ್ ಎಲ್ಲಾ ರೈಲಲ್ಲಿ ಸುತ್ತಿ, 1878ರಲ್ಲಿ ಇಂಗ್ಲೆಂಡಿಗೇ ಹೋಗಿ ಗುಡ್‌ವುಡ್ ಕಪ್ ಗೆದ್ದು, ವಾಪಸ್ ಬರ್ತಾ ಫ್ರಾನ್ಸಿನ ಡೋವಿಲ್‌ನಲ್ಲೂ ಗೆದ್ದಳು. ಮನೆ ಬಿಟ್ಟು ಆಚೆ ಕಾಲಿಡದವರು ಯಾರೋ ಇದ್ರಲ್ಲ ಮಾವ?

ದೊಡ್ಡ ಮಾವ: ಗುಡ್‌ವುಡ್‌ನಲ್ಲಿ ಓಡಿದ್ದೇ ಮೂರು ಕುದುರೆ ಕಣಮ್ಮ.

ಅಕ್ಕ: ನಿಮ್ಮದರಲ್ಲಿ ಐದು ಮಾವ.

ಅಕ್ಕ: ಅದೇ ವರ್ಷ ಬಾಡೆನ್‌ನಲ್ಲಿ ಇನ್ನೊಂದು ಕುದುರೆ ಜತೆ ಸಮಸಮ ಬಂದಳು. ಆಗ ಟೈ ಆದ್ರೆ ಮತ್ತೆ ಓಡಿಸೋದೂ ಇತ್ತು. ಎರಡನೇ ಸಲ ಓಡಿ ಗೆದ್ದಳು. ಅವಳ ಬೆಕ್ಕು ಕಾಣೆಯಾದಾಗ ಬೆಕ್ಕು ಸಿಗೋವರೆಗೂ ರೈಲು ಹತ್ತಲಿಲ್ಲ ಅಂತಲೂ ಕಥೆ ಇದೆ.

ಅತ್ತೆ: ನನ್ನ ಓಟು ಇವಳಿಗೆ.

ಭಾವ: ಬೆಕ್ಕಿಗೋಸ್ಕರನಾ ಅತ್ತೆ?

ಅತ್ತೆ: ಇಲ್ಲಪ್ಪ, ಎರಡನೇ ಸಲ ಓಡಿದ್ದಕ್ಕೆ.

ಅಕ್ಕ ಕೂಡಲೇ ಪೋಲ್ ಹಾಕಿದಳು. ಅಲ್ಲಿಗೆ ಜಗಳ ಮುಗಿದು ಲೆಕ್ಕ ಶುರುವಾಗಬೇಕಿತ್ತು. ಆದರೆ ನನಗೆ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ. ದೊಡ್ಡ ಮಾವ ಹಾಕಿದ ವಿಡಿಯೊವನ್ನು ಅಷ್ಟರಲ್ಲಿ ನಾಲ್ಕು ಸಲ ನೋಡಿದ್ದೆ. ಮೊದಲ ಆರು ಫರ್ಲಾಂಗ್ ಸೆಕ್ರೆಟೇರಿಯಟ್ ಷಾಮ್ ಅನ್ನೋ ಕುದುರೆಯ ಜತೆ ಹೆಗಲಿಗೆ ಹೆಗಲು ಕೊಟ್ಟು ಓಡುತ್ತೆ. ಅಷ್ಟು ದೂರಕ್ಕೆ ಒಂದು ನಿಮಿಷ ಒಂಬತ್ತು ಮುಕ್ಕಾಲು ಸೆಕೆಂಡು. ಇನ್ನೂ ಆರು ಫರ್ಲಾಂಗ್ ಬಾಕಿ ಇರುವಾಗ ಯಾರೂ ಹಾಗೆ ಓಡಿಸಲ್ಲ. ಅಲ್ಲಿಂದ ಷಾಮ್ ಸೋರಿಹೋಗುತ್ತೆ, ಕಡೆಗೆ ಐದನೆಯದಾಗಿ ಬರುತ್ತೆ. ಇದು ಸೋರುವುದಿಲ್ಲ. ತಿರುವು ದಾಟಿದ ಮೇಲೆ ಕ್ಯಾಮೆರಾ ಹಿಂದಿನ ಕುದುರೆಗಳನ್ನು ಹಿಡಿಯಲು ಅಗಲವಾಗುತ್ತಾ ಹೋಗುತ್ತೆ, ಆದರೂ ಸಿಗಲ್ಲ. ಇನ್ನೇನು ಗೆರೆ ಬಂತು ಅನ್ನುವಾಗ ಜಾಕಿ ರಾನ್ ಟರ್ಕಾಟ್ ಕತ್ತನ್ನು ಎಡಕ್ಕೆ ತಿರುಗಿಸುತ್ತಾನೆ.

ನಾನು: ಎಲ್ಲರೂ ಇನ್ನೊಂದು ಸಲ ನೋಡಿ. ಕೊನೆಯಲ್ಲಿ ಟರ್ಕಾಟ್ ಎಡಗಡೆ ತಿರುಗ್ತಾನೆ. ಹಿಂದೆ ಯಾರು ಬಂದ್ರು ಅಂತಲ್ಲ. ಅಲ್ಲಿ ಒಳಗಡೆ ಬೋರ್ಡಲ್ಲಿ ಗಡಿಯಾರ ಓಡ್ತಾ ಇತ್ತು, ಅದನ್ನ ನೋಡ್ತಾನೆ. ಆ ರೇಸಲ್ಲಿ ಅವನ ಜತೆ ಉಳಿದಿದ್ದು ಅದೊಂದೇ. 2 ನಿಮಿಷ 24 ಸೆಕೆಂಡು. ಹಿಂದಿನ ಬೆಲ್ಮಾಂಟ್ ದಾಖಲೆಗಿಂತ 2.6 ಸೆಕೆಂಡು ಕಡಿಮೆ. ನಾನು ಫಾರ್ ಲ್ಯಾಪ್ ಅಂದಿದ್ದು ವಾಪಸ್ ತಗೊಳ್ತೀನಿ.

ಚಿಕ್ಕ ಮಾವ: ನೀನೂ ಆ ಕಡೆ ಹೋದ್ಯಾ? ಗಡಿಯಾರ ಸುಳ್ಳು ಹೇಳುತ್ತೆ ಕಣೋ. ಟ್ರ್ಯಾಕ್ ಗಟ್ಟಿ ಇದ್ದ ದಿನ ಎಲ್ಲಾ ಕುದುರೆನೂ ಜೋರೇ. ಅಲ್ಲದೆ ಮಣ್ಣಿನ ಮೇಲೆ 12 ಫರ್ಲಾಂಗ್ ಈಗ ಓಡೋರೇ ಅಪರೂಪ, ದಾಖಲೆ ಮುರಿಯೋದು ಯಾರು?

ನಾನು: ಅದಕ್ಕೇ ಡರ್ಬಿ ನೋಡಿ ಮಾವ. ಕೆಂಟಕಿಯಲ್ಲಿ ಹತ್ತು ಫರ್ಲಾಂಗ್, ಪ್ರತಿ ವರ್ಷ ಓಡ್ತಾರೆ. ಸೆಕ್ರೆಟೇರಿಯಟ್ ಅಲ್ಲಿ ಓಡಿದ್ದು 1:59.4, ಇವತ್ತಿಗೂ ಅದೇ ದಾಖಲೆ. ಕಾಲು ಕಾಲು ಮೈಲಿ ಲೆಕ್ಕ ತಗೊಳ್ಳಿ: 25.2, 24, 23.8, 23.4, 23. ಬೇರೆ ಕುದುರೆ ಓಡ್ತಾ ಓಡ್ತಾ ಸುಸ್ತಾಗುತ್ತೆ. ಇದು ಓಡ್ತಾ ಓಡ್ತಾ ವೇಗ ಹೆಚ್ಚಿಸ್ಕೊಂಡು ಹೋಗಿದೆ. ಗಟ್ಟಿ ಟ್ರ್ಯಾಕ್ ಅದನ್ನ ಮಾಡಿಸಲ್ಲ.

ದೊಡ್ಡ ಮಾವ: ಡರ್ಬಿ, ಬೆಲ್ಮಾಂಟ್ ಜತೆ ಪ್ರೀಕ್‌ನೆಸ್ ರೇಸನ್ನೂ ಸೇರಿಸು. ಗಡಿಯಾರ ಕೆಟ್ಟು ತಪ್ಪು ಸಮಯ ಬರೆದಿದ್ರು, 2012ರಲ್ಲಿ ತಿದ್ದಿ 1:53 ಅಂದ್ರು. ಮೂರಕ್ಕೆ ಮೂರೂ ದಾಖಲೆ.

ಚಿಕ್ಕ ಮಾವ: ಅಲ್ಲೂ ತಿದ್ದಿದ್ದೇ! ಮೂವತ್ತೊಂಬತ್ತು ವರ್ಷ ಆದ್ಮೇಲೆ!

ಅತ್ತೆ: ಆ ಷಾಮ್ ಪಾಪ ಏನಾಯ್ತು?

ಭಾವ: ಡರ್ಬಿಯಲ್ಲೂ ಪ್ರೀಕ್‌ನೆಸ್‌ನಲ್ಲೂ ಎರಡನೇದು ಅತ್ತೆ, ಎರಡೂ ಕಡೆ ಎರಡೂವರೆ ಲೆಂತ್. ಡರ್ಬಿಯಲ್ಲಂತೂ ಗೇಟಿಗೆ ಬಾಯಿ ಬಡಿದು ಹಲ್ಲು ಕಿತ್ತುಹೋಗಿತ್ತು, ಆದ್ರೂ ಅದು ಓಡಿದ ಸಮಯ ಎರಡು ನಿಮಿಷದೊಳಗೇ ಅಂತ ಅಂದಾಜು. ಬೆಲ್ಮಾಂಟ್ ಆದ್ಮೇಲೆ ಕಾಲಿನ ಮೂಳೆ ಸೀಳಿತು, ಮತ್ತೆ ಓಡಲಿಲ್ಲ. ಸತ್ತ ಮೇಲೆ ಹೃದಯ ತೂಗಿದ್ರೆ 18 ಪೌಂಡ್, ಮಾಮೂಲಿ ಕುದುರೆಯದ್ದಕ್ಕಿಂತ ಎರಡರಷ್ಟು. ಅದೇ ಡಾಕ್ಟರು ಸೆಕ್ರೆಟೇರಿಯಟ್‌ನದ್ದನ್ನ ಕಣ್ಣಂದಾಜಲ್ಲಿ 22 ಅಂದ್ರು, ತೂಗಲಿಲ್ಲ.

ಅತ್ತೆ: ಅಂಥ ಹೃದಯ ಇಟ್ಕೊಂಡು ಎರಡನೇದಾ.

ಸ್ವಲ್ಪ ಹೊತ್ತು ಯಾರೂ ಏನೂ ಹಾಕಲಿಲ್ಲ. ಚಿಕ್ಕ ಮಾವ ಎಕ್ಸೆಲೆಬ್ರೇಷನ್ ಬಗ್ಗೆ ಹೇಳಿದ್ದೂ ಇದನ್ನೇ ಅಲ್ಲವೇ ಅಂತ ನನಗನ್ನಿಸಿತು, ಆದರೆ ಬರೆಯಲಿಲ್ಲ. ಎದುರಾಳಿ ಕೈಗೆ ನಾನೇ ಕೋಲು ಕೊಟ್ಟ ಹಾಗಾಗುತ್ತೆ.

ದೊಡ್ಡ ಮಾವ: ಇನ್ನೊಂದು ಹೇಳ್ತೀನಿ. ಅವತ್ತು ಎರಡು ಡಾಲರ್ ಟಿಕೆಟ್ಟಿಗೆ ಸಿಕ್ಕಿದ್ದು 2.20. ಇಪ್ಪತ್ತು ಸೆಂಟ್ ಲಾಭ. ಗೆದ್ದ ಟಿಕೆಟ್‌ಗಳಲ್ಲಿ 5,617ಕ್ಕೆ ಜನ ದುಡ್ಡೇ ತಗೊಳ್ಳಲಿಲ್ಲ. ನೆನಪಿಗೆ ಅಂತ ಇಟ್ಕೊಂಡ್ರು. ಯಾವ ಫ್ರಾಂಕೆಲ್‌ಗೆ ಹಾಗೆ ಮಾಡಿದ್ರೋ?

ಚಿಕ್ಕ ಮಾವ: ಫ್ರಾಂಕೆಲ್‌ನ 2012ರ ಯಾರ್ಕ್ ರೇಸಿನ ವಿಡಿಯೊ ಹಾಕ್ತೀನಿ ಇರು. ಟ್ರೈನರ್ ಹೆನ್ರಿ ಸೆಸಿಲ್ ಕ್ಯಾನ್ಸರ್‌ನಿಂದ ಅರ್ಧ ಆಗಿದ್ರು. ಟೋಪಿ ಹಾಕ್ಕೊಂಡು ಬಂದಿದ್ರು, ದನಿ ಹೊರಡ್ತಿರಲಿಲ್ಲ. ಕುದುರೆ ಏಳು ಲೆಂತಲ್ಲಿ ಗೆದ್ದಿತು. ಮುಂದಿನ ಜೂನಲ್ಲಿ ಅವರು ಹೋದ್ರು. ನೆನಪು ಅಂದ್ರೆ ಬರೀ ಟಿಕೆಟ್ಟಾ ಅಣ್ಣ?

ಭಾವ: ಇಬ್ಬರೂ ಒಂದು ನಿಮಿಷ. ವಂಶಾವಳಿ ತೆಗೆದೆ. ಸೆಕ್ರೆಟೇರಿಯಟ್ ಅಪ್ಪ ಬೋಲ್ಡ್ ರೂಲರ್, ಅವನಪ್ಪ ನಸ್ರುಲ್ಲಾ, ಅವನಪ್ಪ ನಿಯಾರ್ಕೊ. ಫ್ರಾಂಕೆಲ್ ಅಪ್ಪ ಗೆಲಿಲಿಯೊ, ಆಮೇಲೆ ಸ್ಯಾಡ್ಲರ್ಸ್ ವೆಲ್ಸ್, ನಾರ್ದರ್ನ್ ಡ್ಯಾನ್ಸರ್, ನಿಯಾರ್ಕ್ಟಿಕ್, ಅವನಪ್ಪನೂ ನಿಯಾರ್ಕೊ. ಇಟಲಿಯ ಕುದುರೆ. ಅದೂ 14ಕ್ಕೆ 14.

ಅತ್ತೆ: ಒಂದೇ ಮನೆಯವರಾ! ಅದಕ್ಕೇ ಇಷ್ಟು ಜಗಳ.

ರಾತ್ರಿ ಹನ್ನೊಂದೂವರೆಗೆ ಪೋಲ್ ಹೀಗಿತ್ತು: ಸೆಕ್ರೆಟೇರಿಯಟ್ 4, ಕಿಂಚೆಮ್ 4, ಫ್ರಾಂಕೆಲ್ 2, ಮ್ಯಾನ್ ಓ ವಾರ್ 1. ನಾನು ವಾಪಸ್ ತಗೊಂಡಿದ್ದರಿಂದ ಫಾರ್ ಲ್ಯಾಪ್ ಸೊನ್ನೆ, ಅದಕ್ಕೆ ಸ್ವಲ್ಪ ಸಂಕಟವೂ ಆಯಿತು. ಫೋನು ಮಗುಚಿ ಮಲಗಿದೆ.

12:52ಕ್ಕೆ ಮತ್ತೆ ಸದ್ದಾಯಿತು. ಗುಂಪಿನಲ್ಲಿ ಚಿಕ್ಕ ಮಾವ.

ಚಿಕ್ಕ ಮಾವ: ಲೋ, ಅವನು ಗಡಿಯಾರ ನೋಡೋದು ನಿಜ ಕಣೋ. ಆರು ಸಲ ನೋಡ್ದೆ. ಮೈ ಜುಂ ಅಂತು. ನಿಮ್ಮ ದೊಡ್ಡ ಮಾವಂಗೆ ಹೇಳ್ಬೇಡ.

ನನಗೆ ಬೇರೆಯಾಗಿ ಕಳಿಸಬೇಕಿದ್ದದ್ದು. ಹತ್ತು ಸೆಕೆಂಡಿಗೆ ಅದು ಮಾಯವಾಗಿ 'ಈ ಸಂದೇಶವನ್ನು ಅಳಿಸಲಾಗಿದೆ' ಅಂತ ಬಂತು.

ದೊಡ್ಡ ಮಾವ: ಓದಿ ಆಯ್ತು.