‘ಲೂಸಿಡ್ ಡ್ರೀಮ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಸಿನಿಮಾಗಳು ಕನಸನ್ನು ತೋರಿಸುವ ಬಗೆ ಕುರಿತು ಒಂದು ಲೇಖನ ಬರೆಯುತ್ತಿದ್ದೇನೆ. ‘ಲೂಸಿಡ್ ಡ್ರೀಮ್’ ಎನ್ನುವಲ್ಲಿ ಬರವಣಿಗೆ ನಿಂತುಹೋಗಿದೆ. ಅಂದರೆ, ಕನಸು ನಡೆಯುತ್ತಿರುವಾಗಲೇ ‘ಅಯ್ಯೋ, ಇದು ಕನಸು ಅಲ್ವಾ!’ ಎಂದು ಗೊತ್ತಾಗಿಬಿಡುವ ಕನಸು. 2013ರಲ್ಲಿ ‘ಲೂಸಿಯಾ’ ತೆರೆಗೆ ಬಂದಾಗ ಕನ್ನಡದಲ್ಲೂ ಇದರ ಚರ್ಚೆ ನಡೆಯಿತು. ಪದ ಮಾತ್ರ ಇನ್ನೂ ನೆಲೆ ನಿಂತಿಲ್ಲ.

‘ಸ್ಪಷ್ಟ ಕನಸು’ ನನಗೆ ಒಪ್ಪಿಗೆಯಿಲ್ಲ. ಕಣ್ಣಿಗೆ ಕಟ್ಟುವಂಥ ಕನಸು ಬಿದ್ದರೂ ಅದು ಕನಸು ಎಂದು ಗೊತ್ತಾಗದೇ ಇರಬಹುದು. ಮಸುಕು ಮಸುಕಾದ ಕನಸಿನಲ್ಲೂ ಗೊತ್ತಾಗಬಹುದು. ಡಚ್ ಲೇಖಕ, ಮನೋವೈದ್ಯ ಫ್ರೆಡರಿಕ್ ವಾನ್ ಈಡನ್ 1913ರಲ್ಲಿ ಈ ಹೆಸರನ್ನು ಬಳಕೆಗೆ ತಂದದ್ದು ಚಿತ್ರ ನಿಚ್ಚಳವಾಗಿದೆ ಎನ್ನುವುದಕ್ಕಲ್ಲ. ನಿದ್ದೆಯಲ್ಲಿದ್ದವನ ಬುದ್ಧಿ ನೆಟ್ಟಗಿದೆ ಎನ್ನುವುದಕ್ಕೆ.

‘ನಿಯಂತ್ರಿತ ಕನಸು’ ಸಿನಿಮಾ ಹುಟ್ಟಿಸಿದ ಪದ ಅನಿಸುತ್ತದೆ. ತೆರೆಯ ಮೇಲೆ ಕನಸು ಎಂದು ಗೊತ್ತಾದರೆ ಸಾಕು, ಬೀದಿಗಳು ಮಡಚಿಕೊಳ್ಳುತ್ತವೆ, ಕಟ್ಟಡಗಳು ಹೇಳಿದಂತೆ ಕೇಳುತ್ತವೆ. ಆದರೆ ಗೊತ್ತಾಗುವುದು ಬೇರೆ, ಕೈಗೆ ಸಿಗುವುದು ಬೇರೆ. ಕನಸು ಎಂದು ತಿಳಿದೂ ಏನನ್ನೂ ಬದಲಾಯಿಸಲಾಗದೆ ಸುಮ್ನೆ ನೋಡುತ್ತಾ ಇರುವವರು ಎಷ್ಟೋ ಜನ. ಹಾಗಂತ ಸಿನಿಮಾದವರು ಹೇಳಿದ್ದೆಲ್ಲ ತಪ್ಪಲ್ಲ. 2010ರ ‘ಇನ್ಸೆಪ್ಷನ್’ನಲ್ಲಿ ಹೋಟೆಲಿನ ಹೊರಗೆ ಕೂತವಳಿಗೆ ‘ಇಲ್ಲಿಗೆ ಹೇಗೆ ಬಂದೆ?’ ಎಂಬ ಪ್ರಶ್ನೆ ಬರುತ್ತದೆ. ಅವಳಿಗೆ ನೆನಪಾಗುವುದಿಲ್ಲ. ಇದು ನನಗೆ ತುಂಬಾ ಹಿಡಿಸಿತು. ಕನಸಿಗೆ ಮೊದಲು ಅಂತ ಇರುವುದಿಲ್ಲ, ನಡುವೆಯೇ ಇರುತ್ತೇವೆ.

‘ಎಚ್ಚರದ ಕನಸು’ ಹತ್ತಿರಕ್ಕೆ ಬರುತ್ತದೆ. ಆದರೆ ಓದುವವರು ಹಗಲುಗನಸು ಎಂದುಕೊಂಡರೆ? ಇಲ್ಲಿ ಮನುಷ್ಯ ನಿಜವಾಗಿಯೂ ನಿದ್ದೆಯಲ್ಲಿರುತ್ತಾನೆ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಇದಕ್ಕೆ ಪುರಾವೆ ಹಿಡಿದರು. ಕನಸು ಜಾಸ್ತಿ ಬೀಳುವ ನಿದ್ದೆಯಲ್ಲಿ ಕೈಕಾಲು ಸಡಿಲವಾಗಿರುತ್ತವೆ, ಮಾತಾಡಲು ಆಗುವುದಿಲ್ಲ. ಕಣ್ಣುಗುಡ್ಡೆ ಮಾತ್ರ ಆಡುತ್ತದೆ. ಹಾಗಾಗಿ ಕನಸು ಎಂದು ಗೊತ್ತಾದ ಕೂಡಲೇ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಬೇಕು ಎಂದು ಮೊದಲೇ ಮಾತಾಗಿತ್ತು. ಮಲಗಿದ್ದವನು ಕನಸಿನೊಳಗಿಂದ ಹಾಗೇ ಹೊರಳಿಸಿದ. ಯಂತ್ರ ಅದನ್ನು ಕಾಗದದ ಮೇಲೆ ಗೀಚಿತು. ನಿದ್ದೆಯೊಳಗಿಂದ ಹೊರಗೆ ಬಂದ ಸುದ್ದಿ ಅದು! ಎಷ್ಟು ಸಲ ಓದಿದರೂ ಮೈ ಜುಂ ಎನ್ನುತ್ತದೆ.

ನನ್ನ ಒಲವು ‘ಅರಿಗನಸು’ ಕಡೆಗೆ. ಹಗಲುಗನಸಿನ ಹಾಗೆ ಬಾಯಿಗೆ ಸಲೀಸು, ನಿದ್ದೆಯನ್ನೂ ಅಲ್ಲಗಳೆಯುವುದಿಲ್ಲ. ಎದ್ದೆ ಎಂದುಕೊಂಡು ಇನ್ನೂ ಕನಸಲ್ಲೇ ಇರುವುದಕ್ಕೆ ‘ಸುಳ್ಳೆಚ್ಚರ’ ಸಾಕು ಅನಿಸುತ್ತದೆ.

ತೊಡಕಿರುವುದು ಕ್ರಿಯಾಪದದಲ್ಲಿ. ನಮ್ಮಲ್ಲಿ ಕನಸು ‘ಬೀಳುತ್ತದೆ’. ಕರೆಯದೆ ಬರುತ್ತದೆ, ನಮ್ಮ ಕೈವಾಡವಿಲ್ಲ. ‘ಕನಸು ಕಂಡೆ’ ಎಂದರೆ ಈಗ ಆಸೆಯ ವಾಸನೆ ಬರುತ್ತದೆ: ಮನೆ ಕಟ್ಟುವ ಕನಸು ಕಂಡ, ಹೀಗೆ. ಬಿದ್ದ ಕನಸಿನ ನಡುವೆ ಅರಿವು ಮೂಡಿದರೆ ಏನನ್ನೋಣ? ‘ಅರಿಗನಸು ಬಿತ್ತು’ ಸರಿಯೇ, ‘ಅರಿಗನಸಾಯಿತು’ ಅನ್ನಬಹುದೇ? ನಿಮ್ಮ ಮನೆಮಾತಿನಲ್ಲಿ ಇಂಥ ಕನಸಿಗೆ ಹಿರಿಯರು ಬಳಸುವ ಮಾತೇನಾದರೂ ಇದ್ದರೆ, ವಾಕ್ಯದ ಸಮೇತ ತಿಳಿಸಿ.