ಮೆಕ್ಕೆಜೋಳ ಬಿಟ್ಟು ಅಡಿಕೆಗೆ ಹೋಗಬಹುದೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ

ಜಗಳೂರಿನ ರೈತ (ಪ್ರಶ್ನೆ):
ನಮ್ಮದು ಆರು ಎಕರೆ ಹೊಲ, ನಾಲ್ಕರಲ್ಲಿ ಮೆಕ್ಕೆಜೋಳ. 2025-26ಕ್ಕೆ ಕೇಂದ್ರ ಸರ್ಕಾರ 2,400 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತಾದರೂ ದಾವಣಗೆರೆ ಮಾರುಕಟ್ಟೆಯಲ್ಲಿ ನಮ್ಮ ಕಾಳಿಗೆ 1,700ರ ಮೇಲೆ ಯಾರೂ ಕೂಗಲಿಲ್ಲ. ತೊಂಬತ್ತಾರು ಕ್ವಿಂಟಲ್‌ಗೆ 67,200 ರೂಪಾಯಿ ಕೈಬಿಟ್ಟುಹೋಯಿತು. ಭಾರತದಷ್ಟು ದೊಡ್ಡ ದೇಶ ತಮ್ಮಿಂದ ಒಂದು ಬುಷೆಲ್ (ಸುಮಾರು 25 ಕಿಲೋ) ಮೆಕ್ಕೆಜೋಳವನ್ನೂ ಕೊಳ್ಳುವುದಿಲ್ಲವೆಂದು ಅಮೆರಿಕದ ವಾಣಿಜ್ಯ ಕಾರ್ಯದರ್ಶಿ ಹೋವರ್ಡ್ ಲಟ್ನಿಕ್ 2025ರ ಸೆಪ್ಟೆಂಬರಿನಲ್ಲಿ ಮೂದಲಿಸಿದ್ದನ್ನು ಓದಿದ ಮೇಲಂತೂ, ವ್ಯಾಪಾರ ಒಪ್ಪಂದದ ಹೆಸರಿನಲ್ಲಿ ಆ ಕಾಳೂ ಬಂದರೆ ನಮ್ಮ ಗತಿಯೇನು ಎಂಬ ಚಿಂತೆ ಹತ್ತಿದೆ. ಎರಡು ಎಕರೆಗೆ ಅಡಿಕೆ ಇಡಬಹುದೇ? ಒಂದು ಬೋರ್‌ವೆಲ್ ಇದೆ, ಎರಡು ಇಂಚು ನೀರು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ 5,300 ಕೋಟಿಯನ್ನು ನಂಬಿ ಗುಂಡಿ ತೆಗೆಸುವ ಧೈರ್ಯ ನನಗಿಲ್ಲ.

ಚನ್ನಗಿರಿಯ ತೋಟಗಾರ:
ಇಡಿ, ಕಣ್ಣು ಮುಚ್ಚಿಕೊಂಡು ಇಡಿ. ಅಡಿಕೆಗಿರುವ ರಕ್ಷಣೆ ಈ ದೇಶದ ಬೇರೆ ಬೆಳೆಗಳಿಗೆ ಕಡಿಮೆ. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು (ಅದಕ್ಕಿಂತ ಅಗ್ಗದ ಮಾಲು ತರುವಂತಿಲ್ಲ) ಕಿಲೋಗೆ 251ರಿಂದ 351ಕ್ಕೆ ಏರಿಸಿದರು. ಅದರ ಮೇಲೆ ನೂರು ಪ್ರತಿಶತ ಸುಂಕ ಬಿದ್ದರೆ 702 ರೂಪಾಯಿ ಆಗುತ್ತದೆ, ಆದ್ದರಿಂದ ಬೇಯಿಸಿ ಒಣಗಿಸಿದ ನಮ್ಮ ರಾಶಿ ಅಡಿಕೆ ಐನೂರರ ಆಸುಪಾಸಿನಲ್ಲಿ ಇರುವವರೆಗೆ ಸುಂಕ ಕಟ್ಟಿ ತರುವವನಿಗೆ ಗಿಟ್ಟುವುದಿಲ್ಲ. ನಮಗೆ ಕಾಟವಿರುವುದು ಮ್ಯಾನ್ಮಾರ್ ಗಡಿಯಿಂದ ಕದ್ದು ಬರುವ ಮಾಲಿನದು, ಶ್ರೀಲಂಕಾದ್ದೆಂದು ಕಾಗದ ತೋರಿಸಿ ಸಾಫ್ಟಾ (ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದ) ರಿಯಾಯಿತಿಯಲ್ಲಿ ನುಸುಳುವ ಇಂಡೋನೇಷ್ಯಾ ಮಾಲಿನದು. ಭೂತಾನಿನ ಹಸಿ ಅಡಿಕೆಗೆ 2022ರಲ್ಲಿ ವರ್ಷಕ್ಕೆ 17,000 ಟನ್‌ವರೆಗೆ ಕನಿಷ್ಠ ಬೆಲೆಯ ಷರತ್ತಿಲ್ಲದೆ ಬಾಗಿಲು ತೆರೆದರಲ್ಲ, ಅಂದು ನಾವು ಬೀದಿಗಿಳಿದು ಕೂಗಿದ್ದನ್ನು ಮರೆತಿಲ್ಲ.

ಖರ್ಚು ಮಾತ್ರ ಕೇಳಬೇಡಿ. ಎಕರೆಗೆ 540 ಸಸಿ, ಗುಂಡಿ, ಕೆರೆಗೋಡು, ಹನಿ ನೀರಾವರಿ ಸೇರಿ ಮೊದಲ ವರ್ಷವೇ ಒಂದು ಲಕ್ಷ ಎಂಬತ್ತು ಸಾವಿರ ತೇಲಿಹೋಯಿತು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ಒಂದಕ್ಕೆ ಮೂರು ಸಾವಿರ ಕೊಟ್ಟು ನೀರುಣಿಸಿದೆವು. ಪಕ್ಕದ ತೋಟದವರು ಹೊಸ ಬೋರ್ ಕೊರೆಸಿ ಒಂಬೈನೂರ ನಲವತ್ತು ಅಡಿಗೆ ಧೂಳು ಕಂಡರು. ಆದರೂ ಇಂದು ನಮ್ಮ ಮನೆಯಲ್ಲಿ ಸಾಲವಿಲ್ಲ, ಮೆಕ್ಕೆಜೋಳದವರ ಮನೆಯಲ್ಲಿ ಏನಿದೆಯೆಂದು ನಾನು ಹೇಳಬೇಕಿಲ್ಲ.

ಹರಿಹರದ ಮಿಡಿಸೌತೆ ಬೆಳೆಗಾರ:
ರಫ್ತು ಬೆಳೆ ಹಾಕಿ, ಡಾಲರ್ ನೋಡಿ ಎಂದು ಯಾರಾದರೂ ಹೇಳಿಯಾರು ಎಂಬ ಭಯದಿಂದ ಬರೆಯುತ್ತಿದ್ದೇನೆ. ನಾನು ಒಂದು ಕಂಪನಿಯ ಒಪ್ಪಂದದಲ್ಲಿ ಮಿಡಿಸೌತೆ ಬೆಳೆಯುತ್ತೇನೆ. ಕಿಲೋಗೆ 160ಕ್ಕಿಂತ ಹೆಚ್ಚು ಕಾಯಿ ಬರುವ ಎಳೆ ಮಿಡಿಗೆ ನಲವತ್ತರ ಮೇಲೆ ದರ. ಒಂದು ಬೆಳಿಗ್ಗೆ ಕೊಯ್ಲು ತಪ್ಪಿದರೆ ಅದೇ ಕಾಯಿ ದಪ್ಪವಾಗಿ ಎಂಟು ರೂಪಾಯಿಗೆ ಇಳಿಯುತ್ತದೆ. ಕೊಯ್ಯಲು ದಿನವೂ ಹೆಣ್ಣಾಳು ಬೇಕು, ಕೂಲಿ ಮುನ್ನೂರೈವತ್ತು. ಕಡ್ಡಿ, ಹುರಿ, ಬೀಜ, ಔಷಧ ಎಲ್ಲವನ್ನೂ ಕಂಪನಿಯೇ ಕೊಟ್ಟು ಬಿಲ್ಲಿನಲ್ಲಿ ಮುರಿದುಕೊಳ್ಳುತ್ತದೆ. ಔಷಧದ ದರ ಅಂಗಡಿಗಿಂತ ಜಾಸ್ತಿ, ಕೇಳಿದರೆ ಉತ್ತರವಿಲ್ಲ.

2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಯೆಮನ್‌ನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರುಮಾಡಿದಾಗ ಯುರೋಪಿಗೆ ಹೋಗಬೇಕಾದ ಪೀಪಾಯಿಗಳು ಆಫ್ರಿಕಾವನ್ನು ಸುತ್ತಿ ಹೋದವು, ನಮ್ಮ ಹಣ ಅಷ್ಟು ತಡವಾಯಿತು. ಅದು ತಿಳಿಯಾಗುವ ಮೊದಲೇ 2025ರ ಆಗಸ್ಟ್ 7ರಿಂದ ಅಮೆರಿಕ 25 ಪ್ರತಿಶತ ಹೆಚ್ಚುವರಿ ಸುಂಕ ಹಾಕಿತು. ಭಾರತ ರಷ್ಯಾದ ಕಚ್ಚಾತೈಲ ಕೊಳ್ಳುತ್ತದೆಂದು ಆಗಸ್ಟ್ 27ರಿಂದ ಇನ್ನೂ 25 ಸೇರಿ 50 ಆಯಿತು. ತೈಲ ಕೊಂಡವರು ಯಾರು, ಸಂಸ್ಕರಿಸಿ ಲಾಭ ಮಾಡಿದವರು ಯಾರು, ದಂಡ ಬಿದ್ದದ್ದು ಯಾರ ಮಿಡಿಸೌತೆಗೆ! ಮುಂದಿನ ಬೆಳೆಗೆ ನನ್ನ ಒಪ್ಪಂದವನ್ನು ಒಂದೂವರೆ ಎಕರೆಯಿಂದ ಮುಕ್ಕಾಲು ಎಕರೆಗೆ ಇಳಿಸಿದ್ದಾರೆ.

ಚಿತ್ರದುರ್ಗದ ನಿವೃತ್ತ ಉಪನ್ಯಾಸಕ:
ಚನ್ನಗಿರಿಯವರು ಒಂದು ವಿಷಯವನ್ನು ಜಾಣತನದಿಂದ ಬಿಟ್ಟಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ತಂಬಾಕು ಸೇರದ ಅಡಿಕೆಯನ್ನೂ 2004ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತೈವಾನ್ ಸರ್ಕಾರ ಅಡಿಕೆ ಕಡಿದು ಬೇರೆ ಬೆಳೆಗೆ ಹೋಗುವವರಿಗೆ ಸಹಾಯಧನವನ್ನೇ ಕೊಟ್ಟಿದೆ. ಇಂದು ಇಟ್ಟ ಸಸಿ ಫಸಲು ಕೊಡಲು ಆರು ವರ್ಷ ಬೇಕು, ಮರ ನಿಲ್ಲುವುದು ಹಲವು ದಶಕ. ಅಷ್ಟು ಕಾಲ ಇದೇ ಆಮದು ನೀತಿ, ಇದೇ ಗುಟ್ಕಾ ಮಾರುಕಟ್ಟೆ ಉಳಿಯುತ್ತದೆಂದು ಯಾರು ಬರೆದುಕೊಡುತ್ತಾರೆ?

ಚನ್ನಗಿರಿಯ ತೋಟಗಾರ:
ಪಿಂಚಣಿ ಬರುವವರಿಗೆ ಆರೋಗ್ಯ ಸಂಸ್ಥೆಯ ಜಿನೀವಾ ಹತ್ತಿರ, ಚನ್ನಗಿರಿ ದೂರ. ನಮ್ಮಜ್ಜಿ ತೊಂಬತ್ತರವರೆಗೂ ಎಲೆ ಅಡಿಕೆ ಹಾಕಿದರು.

ಚಿತ್ರದುರ್ಗದ ನಿವೃತ್ತ ಉಪನ್ಯಾಸಕ:
ಆ ಸಂಶೋಧನಾ ವಿಭಾಗ ಇರುವುದು ಫ್ರಾನ್ಸಿನ ಲಿಯೋನ್ ನಗರದಲ್ಲಿ. ನಿಮ್ಮ ಅಜ್ಜಿಯವರ ಆರೋಗ್ಯ ಅಂತರರಾಷ್ಟ್ರೀಯ ನೀತಿಗೆ ಆಧಾರವಾಗುವುದಿಲ್ಲ.

ದಾವಣಗೆರೆಯ ಕೋಳಿ ಸಾಕಣೆದಾರ:
ಪ್ರಶ್ನೆ ಕೇಳಿದವರು ಆಮದನ್ನು ಭೂತವೆಂಬಂತೆ ಬರೆದಿದ್ದಾರೆ, ನಮ್ಮ ಪಾಡನ್ನೂ ಕೇಳಲಿ. ಕೋಳಿಯ ಮೇವಿನಲ್ಲಿ ಅರ್ಧಕ್ಕೂ ಹೆಚ್ಚು ಮೆಕ್ಕೆಜೋಳವೇ ಇರುತ್ತದೆ. 2023ರ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಪೆಟ್ರೋಲಿಗೆ ಬೆರೆಸುವ ಎಥನಾಲ್ ಮಾಡುವುದಕ್ಕೆ ಕಡಿವಾಣ ಬಿತ್ತು. ಮೆಕ್ಕೆಜೋಳದ ಎಥನಾಲ್‌ಗೆ ಲೀಟರಿಗೆ 71.86 ರೂಪಾಯಿ ಸಿಕ್ಕಿತು. ಕಾಳೆಲ್ಲ ಡಿಸ್ಟಿಲರಿಗೆ ಹರಿದು, ನಾನು 2024ರಲ್ಲಿ 2,650 ಕೊಟ್ಟು ಲೋಡ್ ಇಳಿಸಿಕೊಂಡೆ. ಬ್ಯಾಚೊಂದಕ್ಕೆ ನಾಲ್ಕು ಲಕ್ಷದ ಮೇಲೆ ನಷ್ಟ, ಒಂದು ಶೆಡ್ ಈಗಲೂ ಖಾಲಿಯಿದೆ. ಆ ಜೂನ್‌ನಲ್ಲಿ ಕೇಂದ್ರವು 15 ಪ್ರತಿಶತ ಸುಂಕದಲ್ಲಿ ಸುಮಾರು ಐದು ಲಕ್ಷ ಟನ್ ಮೆಕ್ಕೆಜೋಳದ ಆಮದಿಗೆ ಅನುಮತಿಸಿತು. ಆ ವರ್ಷ ಕಾಳು ಬಂದದ್ದು ಮ್ಯಾನ್ಮಾರ್, ಉಕ್ರೇನ್‌ಗಳಿಂದ. ಅಮೆರಿಕದ ಕಾಳು ಬಹುಪಾಲು ಕುಲಾಂತರಿ, ಅದಕ್ಕೆ ಇಲ್ಲಿ ಪ್ರವೇಶವಿರಲಿಲ್ಲ.

ಹೊನ್ನಾಳಿಯ ಮೆಕ್ಕೆಜೋಳದವರು:
ನಿಮಗೆ 2,650 ಆದ ವರ್ಷ ನಿಮ್ಮ ಸಂಘಗಳು ದೆಹಲಿಗೆ ಓಡಿದವು, ಹಡಗು ಬಂತು. ನಮಗೆ 1,700 ಆದ ವರ್ಷ ಹಡಗನ್ನು ಯಾರು ತಿರುಗಿಸಿದರು? 2025ರ ನವೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪ್ರಧಾನಿಗೆ ಪತ್ರ ಬರೆದರು. ಪತ್ರ ತಲುಪುವಷ್ಟರಲ್ಲಿ ನನ್ನ ಕಾಳು ಕಣದಿಂದ ಹೋಗಿತ್ತು, ಏಕೆಂದರೆ ಸೊಸೈಟಿ ಸಾಲದ ಗಡುವು ಪತ್ರಕ್ಕೆ ಕಾಯುವುದಿಲ್ಲ. ಎಕರೆಗೆ ಬೀಜ 3,200, ಗೊಬ್ಬರ 6,500, ಕಳೆನಾಶಕ, ಕಟಾವು, ಒಕ್ಕಣೆ ಎಲ್ಲ ಕೂಡಿ 27,000. ಅಮೆರಿಕ ಖಂಡದ ಸೈನಿಕ ಹುಳು 2018ರಲ್ಲಿ ಪಕ್ಕದ ಶಿವಮೊಗ್ಗದಲ್ಲಿ ಕಾಣಿಸಿದಾಗಿನಿಂದ ಸುಳಿಗೆ ಔಷಧ ಹೊಡೆಯುವ ಖರ್ಚು ಬೇರೆ. ಅಲ್ಲಿಂದ ಹುಳ ಬಂದಾಯಿತು, ಇನ್ನು ಕಾಳು ಬರುವುದೊಂದು ಬಾಕಿ. ಅಡಿಕೆಗೆ 351ರ ಬೇಲಿ ಕಟ್ಟಲು ಸಾಧ್ಯವಾದರೆ ನಮಗೇಕೆ ಆಗದು? ಮಲೆನಾಡಿನ ಸಂಸದರಷ್ಟು ಗಂಟಲು ನಮ್ಮವರಿಗಿಲ್ಲ, ಅಷ್ಟೇ.

ಚಳ್ಳಕೆರೆಯ ಎಣ್ಣೆ ಗಿರಣಿಯವರು:
ಬೇಲಿ ಕಟ್ಟಿದರೆ ಉಳಿಯುತ್ತದೆಂದು ನಂಬುವವರು ನಮ್ಮೂರಿಗೆ ಬಂದು ಮುಚ್ಚಿದ ಗಿರಣಿಗಳ ಬೀಗ ಎಣಿಸಲಿ. ತೊಂಬತ್ತರ ದಶಕದ ನಡುವೆ ತಾಳೆ ಎಣ್ಣೆಗೆ ಬಾಗಿಲು ತೆರೆದ ಮೇಲೆ ಶೇಂಗಾ ಎಣ್ಣೆಯ ಊರು ಶೇಂಗಾ ಕಾಳಿನ ಊರಾಯಿತು. 2022ರ ಏಪ್ರಿಲ್ 28ರಂದು ಇಂಡೋನೇಷ್ಯಾ ರಫ್ತು ನಿಲ್ಲಿಸಿದಾಗ ನಮ್ಮ ಕಾಲ ಬಂತೆಂದು ಕೆಲವರು ಮಾಲು ತುಂಬಿಕೊಂಡರು, ಮೇ 23ಕ್ಕೆ ನಿಷೇಧ ತೆರವಾಯಿತು. 2024ರ ಸೆಪ್ಟೆಂಬರ್ 14ರಿಂದ ಕಚ್ಚಾ ಅಡುಗೆ ಎಣ್ಣೆಯ ಆಮದು ಸುಂಕ 5.5 ಪ್ರತಿಶತದಿಂದ 27.5ಕ್ಕೆ ಏರಿತು. ಅದನ್ನು ನೆಚ್ಚಿ ನಾನು ಹನ್ನೊಂದು ಲಕ್ಷದ ಶೇಂಗಾ ಕೊಂಡು, ಬ್ಯಾಂಕಿಗೆ ಬಡ್ಡಿ ಕಟ್ಟುತ್ತಾ ಕುಳಿತೆ. ಎಂಟೂವರೆ ತಿಂಗಳಿಗೆ, ಮೇ ಕೊನೆಯಲ್ಲಿ, 16.5ಕ್ಕೆ ಇಳಿಸಿದರು. ಪಟ್ಟಣದ ಗೃಹಿಣಿಯ ಬಾಣಲೆಯ ಮುಂದೆ ನಮ್ಮ ಗಿರಣಿ ಯಾವ ಸರ್ಕಾರದ ಲೆಕ್ಕಕ್ಕೂ ಬಾರದು. ಸುಂಕ ನೋಡಿ ಬೆಳೆ ಆರಿಸುವುದಾದರೆ ದಿನಪತ್ರಿಕೆಯನ್ನೇ ಬಿತ್ತಬೇಕಾಗುತ್ತದೆ.

ಚನ್ನಗಿರಿಯ ತೋಟಗಾರ:
ಶೇಂಗಾದ ಸೋಲನ್ನು ಅಡಿಕೆಗೆ ಅಂಟಿಸಬೇಡಿ. ಅಡಿಕೆಗೆ ಬದಲಿ ಬೆಳೆ ಇಲ್ಲ, ಶೇಂಗಾ ಎಣ್ಣೆಗೆ ಹತ್ತು ಬದಲಿ ಇವೆ.

ಚಳ್ಳಕೆರೆಯ ಎಣ್ಣೆ ಗಿರಣಿಯವರು:
2014ರಲ್ಲಿ ಗಗನಕ್ಕೇರಿದ ನಿಮ್ಮ ಅಡಿಕೆ ಮರುವರ್ಷ ಬಿದ್ದಾಗ ಯಾವ ಬದಲಿ ಬಂದಿತ್ತು? ಆಗ ನಿಮ್ಮ ಕಡೆಯವರೇ ಚಳ್ಳಕೆರೆಗೆ ಬಂದು ಸಾಲಕ್ಕೆ ಹಿಂಡಿ ಕೇಳುತ್ತಿದ್ದರು.

ಜಗಳೂರಿನ ರೈತ:
ಎಲ್ಲರಿಗೂ ನಮಸ್ಕಾರ. ಎರಡು ಇಂಚು ನೀರಿಗೆ ಎರಡು ಎಕರೆ ಅಡಿಕೆ ಉಳಿಯುತ್ತದೆಯೋ ಇಲ್ಲವೋ ಎಂದು ಕೇಳಿದ್ದೆ.

ಚನ್ನಗಿರಿಯ ತೋಟಗಾರ:
ಮಳೆ ಸರಿಯಾದ ವರ್ಷ ಉಳಿಯುತ್ತದೆ. ನಿಮ್ಮ ಜಗಳೂರಿನ ಬೇಸಿಗೆಗೆ ಅರ್ಧ ಎಕರೆಯ ಮೇಲೆ ಹೋಗಬೇಡಿ.

ಹೊನ್ನಾಳಿಯ ಮೆಕ್ಕೆಜೋಳದವರು:
ಕಣ್ಣು ಮುಚ್ಚಿಕೊಂಡು ಇಡಿ ಎಂದವರು ಇವರೇ. ಉಳಿದ ಮೂರೂವರೆ ಎಕರೆಗೆ ಮೆಕ್ಕೆಜೋಳವೇ ಗತಿ. ಕೋಳಿಯವರೇ, ಆಮದಿನ ಪರ ಇಷ್ಟು ವಾದಿಸಿದ್ದೀರಿ, ನಮ್ಮಿಬ್ಬರ ಕಾಳನ್ನು ನೇರವಾಗಿ ಬೆಂಬಲ ಬೆಲೆಗೆ ಕೊಳ್ಳುತ್ತೀರಾ?

ದಾವಣಗೆರೆಯ ಕೋಳಿ ಸಾಕಣೆದಾರ:
ತೇವಾಂಶ 14ರ ಒಳಗಿದ್ದರೆ 1,950 ಕೊಡುತ್ತೇನೆ, ಅದೇ ದಿನ ನಗದು. ಅದರ ಮೇಲೆ ಕೊಟ್ಟರೆ ನನ್ನ ಎರಡನೇ ಶೆಡ್ಡೂ ಖಾಲಿಯಾಗುತ್ತದೆ.

ಹೊನ್ನಾಳಿಯ ಮೆಕ್ಕೆಜೋಳದವರು:
2,100 ಮಾಡಿ. ತೇವಾಂಶ ಅಳೆಯುವ ಯಂತ್ರವನ್ನು ನಾವು ತರುತ್ತೇವೆ, ನಿಮ್ಮದು ಬೇಡ.